ಬೀರುವಿನ ಬೆನ್ನು

ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ, ಹಗ್ಗದ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ, ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಜಾಗದಲ್ಲಿ ಸಮಾಧಾನಪ್ಪನ ಅಂಗಡಿ ಇದೆ. ಅಲ್ಲಿ ಸಿಗುವುದು ಮೂರೇ ಸಾಮಾನು. ನುಸಿಗೆ ಡಾಂಬರು ಗುಳಿಗೆ, ತುಕ್ಕಿಗೆ ಕೆಂಪು ಬಣ್ಣ, ಕಳ್ಳರಿಗೆ ಬೀಗ. ಇದರ ಜೊತೆಗೆ, ಹೇಳಿ ಮಾಡಿಸುವವರಿಗೆ ಬೀರು ಮಾಡಿಕೊಡುವ, ಬೀಗದಕೈ ಕಳಕೊಂಡವರ ಕಬ್ಬಿಣದ ಬೀರು ತೆಗೆದುಕೊಡುವ ಕೆಲಸ. ಈ ಕೆಲಸಕ್ಕೆ ಅವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದು ಸಿರುಗುಪ್ಪದಿಂದ ಕುರುಗೋಡಿನವರೆಗೆ ಎಲ್ಲರೂ ಒಪ್ಪುತ್ತಾರೆ. ಒಪ್ಪದಿದ್ದರೆ ಸಮಾಧಾನಪ್ಪನೇ ಒಪ್ಪಿಸುತ್ತಾನೆ.

ಅವನು ಬೀರು ತೆಗೆಯುವ ರೀತಿಯನ್ನು ನೋಡಲೇಬೇಕು. ಮೊದಲು ಬಾಗಿಲಿಗೆ ಕಿವಿ ಹಚ್ಚುತ್ತಾನೆ. ಬೆರಳಿನ ಗಣ್ಣಿನಿಂದ ಎರಡು ಸಾರಿ ತಟ್ಟುತ್ತಾನೆ. ಆಮೇಲೆ ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಅಂದುಕೊಂಡು, ತಂತಿ ತೂರಿಸುತ್ತಾನೆ. ಮನೆಯವರೆಲ್ಲ ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ಉಸಿರು ಹಿಡಿದು ನಿಂತಿರುತ್ತಾರೆ. ಬಾಗಿಲು ತೆರೆದ ಕೂಡಲೇ ಸಮಾಧಾನಪ್ಪ ಮುಖ ತಿರುಗಿಸಿಬಿಡುತ್ತಾನೆ, ಅದು ಕಸುಬಿನ ಮರ್ಯಾದೆ. ಆದರೆ ತಿರುಗಿಸುವ ಮೊದಲು ಒಂದು ಕ್ಷಣ ಇರುತ್ತದಲ್ಲ, ಆ ಒಂದು ಕ್ಷಣದಲ್ಲಿ ಮೂವತ್ತೆಂಟು ವರ್ಷದಿಂದ ಅವನು ನೋಡಿದ್ದು ಏನೇನೋ. ಮದುವೆಯಲ್ಲಿ ಬಂದು ಒಮ್ಮೆಯೂ ಊಟ ಬಡಿಸದ ಪಿಂಗಾಣಿ ತಟ್ಟೆಗಳು. ಮಡಿಕೆಯ ಗೆರೆಯಲ್ಲೇ ಹರಿದು ಬೀಳುವ ಧಾರೆ ಸೀರೆಗಳು. ಇನ್ನು ಚಲಾವಣೆ ಇಲ್ಲವೆಂದು ಸರ್ಕಾರ ಸಾರಿದ ಮೇಲೂ ಬೆಚ್ಚಗೆ ಮಲಗಿರುವ ಹಳೆ ನೋಟಿನ ಕಟ್ಟುಗಳು. ತೆಕ್ಕಲಕೋಟೆಯ ಒಬ್ಬ ಮೇಷ್ಟ್ರು ಲಾಕರಿನಲ್ಲಿ ಇಟ್ಟಿದ್ದು ತನ್ನ ಉದುರಿದ ಹಲ್ಲುಗಳನ್ನು. ಯಾಕೆ ಎಂದು ಸಮಾಧಾನಪ್ಪ ಕೇಳಲಿಲ್ಲ.

ಸಮಾಧಾನಪ್ಪ ಕ್ರೈಸ್ತ. ಅಪ್ಪನ ಕಾಲದಿಂದಲೂ ಕೋಟೆ ಗುಡ್ಡದ ಕೆಳಗಿನ ಒಂದು ಸಣ್ಣ ಚರ್ಚಿನ ಸಭೆಯವನು. ಭಾನುವಾರ ತಪ್ಪಿಸಿದವನಲ್ಲ, ದುಡಿದದ್ದರಲ್ಲಿ ಹತ್ತರಲ್ಲಿ ಒಂದು ಪಾಲನ್ನು ಕಾಣಿಕೆಯ ಚೀಲಕ್ಕೆ ಹಾಕುವುದನ್ನು ಮರೆತವನಲ್ಲ. ಹೆಂಡತಿ ಸುವಾರ್ತಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಅವಳಿಗೆ ಒಂದು ರೋಗ. ಮನೆಯಲ್ಲಿ ಏನೇ ಎರಡು ಇದ್ದರೂ ಒಂದನ್ನು ಯಾರಿಗಾದರೂ ಕೊಟ್ಟುಬಿಡುತ್ತಾಳೆ. ಒಂದೇ ಇದ್ದರೆ ಸ್ವಲ್ಪ ಯೋಚನೆ ಮಾಡಿ ಕೊಡುತ್ತಾಳೆ. ಮದುವೆಯಾದ ಹೊಸದರಲ್ಲಿ ಸಮಾಧಾನಪ್ಪ ತನ್ನ ಕೈಯಾರೆ ಅವಳಿಗೊಂದು ಹಸಿರು ಬೀರು ಮಾಡಿಕೊಟ್ಟಿದ್ದ. ಅದರಲ್ಲಿ ಇಟ್ಟ ಸೀರೆ ವಾರ ಕಳೆಯುವುದರೊಳಗೆ ಓಣಿಯ ಯಾರದೋ ಮೈಮೇಲೆ ಇರುತ್ತಿತ್ತು. ಹೀಗಾಗಿ ಆ ಬೀರು ಬಹುಕಾಲ ಖಾಲಿ ಇತ್ತು. ಒಂದು ಮಳೆಗಾಲದಲ್ಲಿ ಕೋಳಿಗೂಡಿನ ಮೇಲೆ ಹಾಕಲು ತಗಡು ಬೇಕಾದಾಗ ಸುವಾರ್ತಮ್ಮ ಬೀರುವಿನ ಹಿಂಬದಿಯ ತಗಡನ್ನೇ ಬಿಚ್ಚಿಸಿದಳು. ಅಂದಿನಿಂದ ಅವಳ ಎರಡು ಕೋಳಿಗಳು ಹಿಂದಿನಿಂದ ಬೀರುವಿನೊಳಗೆ ಹೋಗಿ ಕೆಳಗಿನ ಅರೆಯಲ್ಲಿ ಮೊಟ್ಟೆ ಇಡುತ್ತವೆ. ಮುಂದಿನ ಬಾಗಿಲಿಗೆ ಮಾತ್ರ ಸಮಾಧಾನಪ್ಪ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಬೀಗ ಹಾಕಿ, ಎರಡು ಸಾರಿ ಜಗ್ಗಿ ನೋಡಿ ಹೋಗುತ್ತಾನೆ. ಊರಿಗೆಲ್ಲ ಬೀಗ ಹಾಕಿಸುವವನ ಮನೆಯ ಬೀರು ತೆರೆದಿದ್ದರೆ ಜನ ಏನಂದಾರು?

ಇಲ್ಲಿ ಒಂದು ಗುಟ್ಟು ಹೇಳಬೇಕು. ಸಮಾಧಾನಪ್ಪನಿಗೆ ಕೆಲಸ ಕಲಿಸಿದವನು ಗಾಳೆಪ್ಪ ಎಂಬ ಮುದುಕ. ಬೀರು ತಯಾರಿಸುವುದರಲ್ಲಿ ಎತ್ತಿದ ಕೈ. ಅವನು ಸಾಯುವ ಮೊದಲು ಶಿಷ್ಯನ ತಲೆ ಮೇಲೆ ಕೈ ಇಟ್ಟು ಹೇಳಿದ್ದ, "ಲೇ, ಬೀರಿನ ಬಲ ಎಲ್ಲಾ ಮುಂದಿನ ಬಾಗಿಲದಾಗ ಐತಿ. ಬೆನ್ನಿಗೆ ಹಾಕೋದು ಬಿಸ್ಕತ್ ಡಬ್ಬಿ ತಗಡು, ಆರು ಸ್ಕ್ರೂ. ಹಿಂದ ಗೋಡಿ ಇರತೈತಿ ಅಂತ ಯಾರೂ ನೋಡಂಗಿಲ್ಲ. ಕಳ್ಳ ಸೈತ ಮುಂದೇ ಬಡದಾಡತಾನ. ಇದನ್ನ ಯಾರ ಮುಂದೂ ಬಿಚ್ಚಬ್ಯಾಡ. ಬಿಚ್ಚಿದ ದಿನ ನಮ್ಮ ಅನ್ನ ಹೋತು." ಸಮಾಧಾನಪ್ಪ ಆಣೆ ಇಟ್ಟಿದ್ದ. ಮೂವತ್ತೆಂಟು ವರ್ಷ ಎಷ್ಟೇ ಹಟ ಮಾಡುವ ಬೀಗವಾದರೂ ಮುಂದಿನಿಂದಲೇ ತೆಗೆದಿದ್ದ. ಬೆವರು ಸುರಿಸಿದ್ದ, ಆದರೆ ಒಂದು ಬೀರುವಿನ ಬೆನ್ನನ್ನೂ ಲೋಕಕ್ಕೆ ತೋರಿಸಿರಲಿಲ್ಲ.

ಹೀಗೆ ಸುಖವಾಗಿದ್ದಾಗ ಸಭೆಗೆ ಹೊಸ ಪಾಸ್ಟರು ಬಂದರು. ಕೃಪಾದಾನ ಅಯ್ಯನವರು. ಮೈಸೂರು ಕಡೆಯವರು, ಇನ್ನೂ ಎಳೆಯ ವಯಸ್ಸು, ಪುಸ್ತಕದ ಕನ್ನಡ. ಬಂದವರೇ ಭೂಲೋಕದ ಗಂಟು ಮತ್ತು ಪರಲೋಕದ ಗಂಟು ಎಂಬ ವಿಷಯದ ಮೇಲೆ ಸಾಲಾಗಿ ನಾಲ್ಕು ಭಾನುವಾರ ಪ್ರಸಂಗ ಮಾಡುವುದಾಗಿ ಸಾರಿದರು. ಮೊದಲ ಭಾನುವಾರವೇ ಗುಡುಗಿದರು. ಇಲ್ಲಿ ಕೂಡಿಡುವುದನ್ನೆಲ್ಲ ನುಸಿ ತಿನ್ನುತ್ತದೆ, ತುಕ್ಕು ತಿನ್ನುತ್ತದೆ, ಕಳ್ಳರು ಕನ್ನ ಹಾಕಿ ಹೊತ್ತೊಯ್ಯುತ್ತಾರೆ. ನುಸಿ! ತುಕ್ಕು! ಕಳ್ಳರು! ಮೂರು ಸಾರಿ ಮೇಜು ಗುದ್ದಿದರು.

ಮೂರನೇ ಸಾಲಿನಲ್ಲಿ ಕೂತಿದ್ದ ಸಮಾಧಾನಪ್ಪನಿಗೆ ಅಯ್ಯನವರು ತನ್ನ ಅಂಗಡಿಯ ಬೋರ್ಡನ್ನೇ ಓದುತ್ತಿದ್ದಾರೆ ಅನ್ನಿಸಿತು. ಸಭೆಯಲ್ಲಿ ಅರ್ಧ ಜನ ತಿರುಗಿ ಅವನನ್ನು ನೋಡಿದರು.

ನಾಳೆಯಿಂದ ತನ್ನ ವ್ಯಾಪಾರ ಮಣ್ಣಾಯಿತು ಎಂದುಕೊಂಡು ಅವನು ಆ ದಿನ ಸರಿಯಾಗಿ ಉಣ್ಣಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋದರೆ ಬಾಗಿಲಲ್ಲಿ ಏಳು ಜನ. ಎಲ್ಲರೂ ಸಭೆಯವರೇ. "ಅಯ್ಯಾರು ಹೇಳಿದಾಗಿಂದ ಜೀವ ತಡೀವಲ್ದು ನೋಡಪಾ. ಅರ್ಧ ಕೇಜಿ ಡಾಂಬರು ಗುಳಿಗಿ ಕೊಡು" ಅಂದಳು ಒಬ್ಬಳು. ಇನ್ನೊಬ್ಬ ತುಕ್ಕಿಗೆ ಬಣ್ಣ ಕೇಳಿದ. ಮತ್ತೊಬ್ಬ ಎರಡು ಬೀಗ ಕೊಂಡು, ಮುಂದಿನ ಭಾನುವಾರದ ಪ್ರಸಂಗ ಕೇಳಿ ಮೂರನೆಯದನ್ನು ಒಯ್ಯುತ್ತೇನೆ ಎಂದ.

ಆ ವಾರದ ಲಾಭದಲ್ಲಿ ಹತ್ತನೆಯ ಪಾಲು ಕಾಣಿಕೆಯ ಚೀಲಕ್ಕೆ ಬಿದ್ದಾಗ ಚೀಲ ಎಂದಿಗಿಂತ ದಪ್ಪಗಿತ್ತು. ಅದನ್ನು ನೋಡಿದ ಅಯ್ಯನವರು, ವಾಕ್ಯ ಜನರ ಮನಸ್ಸಿಗೆ ನಾಟಿದೆ ಎಂದು ದೇವರಿಗೆ ಸ್ತೋತ್ರ ಸಲ್ಲಿಸಿ ಎರಡನೇ ಭಾನುವಾರ ಇನ್ನೂ ಜೋರಾಗಿ ಮೇಜು ಗುದ್ದಿದರು. ಸೋಮವಾರ ಹದಿನೈದು ಜನ ಬಂದರು. ಚೀಲ ಮತ್ತಷ್ಟು ಊದಿತು. ಅಯ್ಯನವರು ಮತ್ತಷ್ಟು ಹುರುಪುಗೊಂಡರು. ಹೀಗೆ ಪರಲೋಕವೂ ಬ್ರೂಸ್‌ಪೇಟೆಯೂ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ನಡೆದವು.

ಸಮಾಧಾನಪ್ಪ ಕುಣಿದಾಡಬೇಕಿತ್ತು. ಆದರೆ ಅವನಿಗೆ ಬೇರೆಯೇ ಒಂದು ಚಿಂತೆ ಹತ್ತಿತು. ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರನ್ನು ಬೇವಿನ ಮರದ ಕೆಳಗೆ ತಡೆದು ನಿಲ್ಲಿಸಿದ.

"ಅಯ್ಯಾರ, ಒಂದು ಮಾತು. ಪರಲೋಕದಾಗ ನುಸಿ ಇಲ್ಲ ಅಂದ್ರಿ."

"ಇಲ್ಲ, ಸಮಾಧಾನಪ್ಪನವರೇ."

"ತುಕ್ಕು?"

"ಅದೂ ಇಲ್ಲ."

"ಕಳ್ಳರು ಒಬ್ಬರಾದ್ರೂ..."

"ಒಬ್ಬರೂ ಇಲ್ಲ" ಎಂದು ಅಯ್ಯನವರು ನಕ್ಕರು.

"ಹಂಗಾದ್ರ ನಾ ಅಲ್ಲಿಗೆ ಬಂದು ಏನ್ ಮಾಡ್ಲಿರಿ?"

ಅಯ್ಯನವರು ಸ್ವಲ್ಪ ತಬ್ಬಿಬ್ಬಾದರು. "ದೇವರನ್ನು ಹಾಡಿ ಸ್ತುತಿಸುತ್ತಾ ಇರುತ್ತೀರಿ" ಎಂದರು.

"ಎಷ್ಟೊತ್ತು?"

"ಸದಾಕಾಲ."

ಸಮಾಧಾನಪ್ಪನ ಮುಖ ಬಿಳಿಚಿಕೊಂಡಿತು. ಹರೆಯದಲ್ಲಿ ಅವನು ಚರ್ಚಿನ ಹಾಡುವ ಗುಂಪಿಗೆ ಸೇರಿದ್ದ. ಎರಡನೇ ವಾರವೇ, ನೀನು ಬಾಯಿ ಅಲ್ಲಾಡಿಸು ಸಾಕು ದನಿ ಬೇಡ ಎಂದಿದ್ದರು. ಮೂರನೇ ವಾರ ಬಾಯಿಯೂ ಬೇಡ ಎಂದಿದ್ದರು. ಅಂಥವನು ಸದಾಕಾಲ ಹಾಡುವುದೆಂದರೆ ಪರಲೋಕದವರಿಗೆ ಅದೆಂಥ ಶಿಕ್ಷೆ!

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ, "ನೀ ಹೋಗ್ತಿ ಬಿಡು. ಕೊಟ್ಟೂ ಕೊಟ್ಟೂ ನಿನ್ನ ಗಂಟು ಆಗ್ಲೇ ಅಲ್ಲಿ ತುಂಬೈತಿ. ನಾ ಬಂದ್ರೂ ಬಾಗಿಲದಾಗ ನಿಂದ್ರಿಸಿ ಕೇಳ್ತಾರ, ನಿನಗೇನು ಕೆಲಸ ಬರತೈತಿ ಅಂತ. ಏನು ಹೇಳ್ಲಿ?"

ಸುವಾರ್ತಮ್ಮ ರೊಟ್ಟಿ ಹಾಕುತ್ತಾ, "ಅಲ್ಲಿಗೆ ಹೋದ್ ಮ್ಯಾಲಾದ್ರೂ ಸುಮ್ನ ಕುಂದರ್ರಿ. ಮದುವಿ ಆದಾಗಿಂದ ನಿಮ್ಮನ್ನ ಸುಮ್ನ ಕುಂತಿದ್ದು ನೋಡಿಲ್ಲ ನಾನು" ಎಂದಳು. ಅವಳಿಗೆ ಅದು ನಗೆಯ ಮಾತು. ಅವನಿಗೆ ಅಲ್ಲ. ಹೆಂಡತಿ ಇರುವ ಕಡೆ ತನಗೆ ಜಾಗ ಇಲ್ಲವೇನೋ ಎಂಬ ಭಯ ನಿಜವಾಗಿ ಅವನಿಗೆ ಹತ್ತಿತ್ತು.

ಮೂರನೇ ವಾರ ಸಿರುಗುಪ್ಪದಲ್ಲಿ ಒಂದು ಘಟನೆ ನಡೆಯಿತು. ಅಕ್ಕಿ ಗಿರಣಿಯ ಜಂಬಣ್ಣನ ಮನೆಗೆ ಕಳ್ಳರು ನುಗ್ಗಿದರು. ಸಮಾಧಾನಪ್ಪ ಹಾಕಿಕೊಟ್ಟಿದ್ದ ಬೀಗ ಅವರಿಗೆ ಬಗ್ಗಲಿಲ್ಲ. ಸಿಟ್ಟಿಗೆದ್ದು ಇಡೀ ಬೀರುವನ್ನೇ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರು. ದಾರಿಯಲ್ಲೂ ಬಡಿದರು, ಹೊಲದಲ್ಲೂ ಬಡಿದರು, ಕೊನೆಗೆ ಬೇಸತ್ತು ಕಾಲುವೆಗೆ ನೂಕಿ ಹೋದರು. ಅದನ್ನು ಮೇಲೆತ್ತಿದಾಗ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇತ್ತು. ಸಮಾಧಾನಪ್ಪ ಬಂದು ತಂತಿ ಹಾಕಿ ತೆಗೆದರೆ ಬಂಗಾರ ಇತ್ತು, ಸೀರೆ ಇತ್ತು, ಮೊಣಕಾಲಷ್ಟು ನೀರಿತ್ತು, ಅದರಲ್ಲಿ ಒಂದು ಮೀನೂ ಇತ್ತು. ಜಂಬಣ್ಣ ಮೀನನ್ನು ಸಮಾಧಾನಪ್ಪನಿಗೇ ಉಡುಗೊರೆ ಕೊಟ್ಟ.

ಬೀಗದ ಕೀರ್ತಿ ಮುಗಿಲು ಮುಟ್ಟಿತು. ಆದರೆ ಜನರಿಗೆ ಹೊಸ ದಿಗಿಲು ಹುಟ್ಟಿತು. ಬೀಗ ಗಟ್ಟಿಯಾದರೆ ಬೀರುವನ್ನೇ ಒಯ್ಯುತ್ತಾರಲ್ಲ!

ಈ ದಿಗಿಲು ಎಲ್ಲರಿಗಿಂತ ಹೆಚ್ಚಾಗಿ ಹೊಕ್ಕಿದ್ದು ಕುರುಗೋಡಿನ ಕಾಡಸಿದ್ದಪ್ಪನಿಗೆ. ನೂರು ಎಕರೆಯ ಮೆಣಸಿನಕಾಯಿ ಬೆಳೆಗಾರ. ದುಡ್ಡು ಬಂದ ಹಾಗೆಲ್ಲ ಬಂಗಾರ ಕೊಂಡು ಒಳಗಿಡುವವನು, ಇಟ್ಟದ್ದನ್ನು ದಿನಕ್ಕೆ ನಾಲ್ಕು ಸಾರಿ ನೋಡುವವನು. ಅವನು ಬ್ರೂಸ್‌ಪೇಟೆಗೆ ಬಂದು, ಒಂದು ಬದಿಗೆ ಅರೆಗಳೇ ಇಲ್ಲದ ಆಳೆತ್ತರದ ಬೀರು ಬೇಕು ಎಂದ. ಬೀಗ ಎಂಥದಿರಬೇಕೆಂದರೆ, ಹಾಕಿದ ಸಮಾಧಾನಪ್ಪನಿಗೂ ತೆಗೆಯಲು ಬರಬಾರದು. ಸಮಾಧಾನಪ್ಪ ಹಟಕ್ಕೆ ಬಿದ್ದು ಅಂಥದ್ದೇ ಮಾಡಿಕೊಟ್ಟ. ಬಾಗಿಲು ತಳ್ಳಿದರೆ ಸಾಕು, ತಾನಾಗಿ ಕಚ್ಚಿಕೊಳ್ಳುವ ಬೀಗ. ಹೊರಗಿನಿಂದ ಒಂದು ಉದ್ದನೆಯ ಬೀಗದಕೈ ಹಾಕಿದರೆ ಮಾತ್ರ ಬಿಡುತ್ತದೆ. ಅರೆ ಇಲ್ಲದ ಆ ಖಾಲಿ ಜಾಗ ಯಾಕೆ ಬೇಕು ಎಂದು ಅವನು ಕೇಳಲಿಲ್ಲ. ಹಲ್ಲು ಇಡುವವರನ್ನೇ ಕೇಳದವನು ಇವನನ್ನೇನು ಕೇಳುತ್ತಾನೆ?

ನಾಲ್ಕನೇ ಭಾನುವಾರ. ಚರ್ಚು ತುಂಬಿತ್ತು. ಅಯ್ಯನವರು ಪ್ರಸಂಗದ ತುತ್ತತುದಿಗೆ ಬಂದಿದ್ದರು. ನಿಮ್ಮ ಗಂಟು ಎಲ್ಲಿದೆಯೋ ನೀವೂ ಅಲ್ಲೇ ಇರುತ್ತೀರಿ ಎಂದು ಕೈ ಎತ್ತಿದಾಗ ಸಮಾಧಾನಪ್ಪನ ಜೇಬಿನಲ್ಲಿ ಫೋನು ಕೂಗಿತು. ಅವನು ಅದನ್ನು ನಿಲ್ಲಿಸಲು ಹೋಗಿ ಗಡಿಬಿಡಿಯಲ್ಲಿ ಸ್ಪೀಕರು ಒತ್ತಿದ. ಹೆಂಗಸಿನ ದನಿ ಚರ್ಚಿನ ತುಂಬ ಕೇಳಿಸಿತು.

"ಸಮಾಧಾನಪ್ಪಾ, ನಾ ಕುರುಗೋಡಿನಿಂದ ಕಾಡಸಿದ್ದಪ್ಪನವರ ಮನಿಯಾಕಿ ವಿರೂಪಮ್ಮ ಮಾತಾಡೋದು. ಜಲ್ದಿ ಬಾರಪ್ಪಾ! ನಮ್ಮ ಯಜಮಾನ್ರು ಬೀರಿನ್ಯಾಗ ಅದಾರ!"

ಅಯ್ಯನವರ ಕೈ ಮೇಲೆಯೇ ಉಳಿಯಿತು.

ಆದದ್ದಿಷ್ಟು. ಮನೆಯವರೆಲ್ಲ ನೆಂಟರ ಮನೆಯ ಸೀಮಂತಕ್ಕೆ ಹೊರಟಿದ್ದರು. ಬೀರುವನ್ನು ಬಿಟ್ಟು ಬರಲು ಕಾಡಸಿದ್ದಪ್ಪನಿಗೆ ಮನಸ್ಸಿಲ್ಲ. ಕಳ್ಳರು ಬಂದು ಬೀರುವನ್ನು ಎತ್ತಿದರೆ ಒಳಗಿನಿಂದ ಕೂಗಬಹುದು ಎಂಬುದು ಅವನ ಲೆಕ್ಕಾಚಾರ. ಅದಕ್ಕೇ ಆ ಖಾಲಿ ಜಾಗ. ಬೀಗದಕೈಯನ್ನು ಹೊರಗೆ ಬಿಟ್ಟರೆ ಯಾರಾದರೂ ಕದ್ದಾರು ಎಂದು ಕೈಯಲ್ಲೇ ಹಿಡಿದು, ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಬೀಗ ಕಚ್ಚಿಕೊಂಡಿತು. ಒಳಗಡೆ ಬೀಗದಕೈ ಹಾಕುವ ತೂತೇ ಇರಲಿಲ್ಲ.

ಅಯ್ಯನವರು ಒಳ್ಳೆಯ ಮನುಷ್ಯ. "ನನ್ನ ವ್ಯಾನಿನಲ್ಲಿ ಬನ್ನಿ" ಎಂದು ಪೀಠದಿಂದ ಇಳಿದೇಬಿಟ್ಟರು. ಹೋಗುವಾಗ ಹಾಡುವ ಗುಂಪಿಗೆ, ನಾವು ಬರುವ ತನಕ ಹಾಡುತ್ತಿರಿ ಎಂದು ಹೇಳಿದರು. ಪಾಪ, ಅವರು ಹಾಡಿದರು. ಸದಾಕಾಲ ಹಾಡುವುದೆಂದರೆ ಏನೆಂದು ಆ ದಿನ ಬಳ್ಳಾರಿಯಲ್ಲಿ ಕೆಲವರಿಗೆ ಸ್ವಲ್ಪ ಗೊತ್ತಾಯಿತು.

ಕುರುಗೋಡಿನ ಮನೆಯಲ್ಲಿ ನಲವತ್ತು ಜನ ನೆರೆದಿದ್ದರು. ಸಮಾಧಾನಪ್ಪ ಬೀರುವಿಗೆ ಕಿವಿ ಹಚ್ಚಿದ.

"ಸಾವ್ಕಾರ್ರ, ನಾನು ಸಮಾಧಾನಪ್ಪ. ಹೆಂಗ ಅದೀರಿ?"

"ಬಂಗಾರ ಸುರಕ್ಷಿತ ಐತಿ" ಎಂದು ಒಳಗಿನಿಂದ ಉತ್ತರ ಬಂತು. "ತಲಿ ಭಾಳ ನೋಯಾಕತ್ತೈತಿ. ಡಾಂಬರು ಗುಳಿಗಿ ವಾಸನಿ."

"ಎಷ್ಟು ಇಟ್ಟೀರಿ?"

"ಎರಡು ಕೇಜಿ. ನೀನ ಕೊಟ್ಟಿದ್ದಿ."

ಸಮಾಧಾನಪ್ಪ ಎರಡನೇ ಬೀಗದಕೈ ಎಲ್ಲಿ ಎಂದು ಕೇಳಿದ. ಅದೂ ಒಳಗೇ, ಲಾಕರಿನಲ್ಲಿ ಇತ್ತು. ಸೊಸೆ ಅಕ್ಷತಾ, ಗ್ಯಾಸಿನಿಂದ ಕೊಯ್ಯುವವರನ್ನು ಕರೆಸೋಣವೇ ಎಂದಳು. ಕೊಯ್ದರೆ ಬೆಂಕಿ ಒಳಗೆ ಹೋಗುತ್ತದೆ, ಮಾವನವರು ಹುರಿದ ಬದನೆಕಾಯಿ ಆಗುತ್ತಾರೆ ಎಂದು ಸಮಾಧಾನಪ್ಪ ತಂತಿ ಹಿಡಿದು ಕೂತ. ಕಣ್ಣು ಮುಚ್ಚಿದ. ತುಟಿ ಅಲ್ಲಾಡಿಸಿದ. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಬೀಗ ಮಿಸುಕಲಿಲ್ಲ. ಮಿಸುಕುವುದಾದರೂ ಹೇಗೆ? ಅವನೇ ಅಷ್ಟು ಚೆನ್ನಾಗಿ ಮಾಡಿದ್ದ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

ಒಳಗಿನ ದನಿ ತೆಳ್ಳಗಾಗುತ್ತಾ ಬಂತು. ಮೊದಲು ಬಂಗಾರದ ಮಾತಾಡುತ್ತಿದ್ದವನು ಆಮೇಲೆ ನೀರು ಕೇಳಿದ. ಆಮೇಲೆ ತೀರಿಹೋದ ತನ್ನ ತಾಯಿಯನ್ನು ಕರೆಯತೊಡಗಿದ. ಆಮೇಲೆ ವಾಂತಿ ಮಾಡಿದ ಸದ್ದು. ವಿರೂಪಮ್ಮ ಬಾಗಿಲಿಗೆ ತಲೆ ಹಚ್ಚಿ ಅಳತೊಡಗಿದಳು.

ಸಮಾಧಾನಪ್ಪನಿಗೆ ದಾರಿ ಗೊತ್ತಿತ್ತು. ಬೆನ್ನಿನ ಆರು ಸ್ಕ್ರೂ. ಮೂರು ನಿಮಿಷದ ಕೆಲಸ. ಆದರೆ ನಲವತ್ತು ಜನರ ಮುಂದೆ, ಅದರಲ್ಲೂ ಇಪ್ಪತ್ತು ಜನ ಮೊಬೈಲು ಎತ್ತಿ ಹಿಡಿದಿರುವಾಗ, ಗಾಳೆಪ್ಪನಿಗೆ ಇಟ್ಟ ಆಣೆ, ಮೂವತ್ತೆಂಟು ವರ್ಷದ ಹೆಸರು, ಅಂಗಡಿ, ಅನ್ನ! ಅತ್ತ ದರಿ ಇತ್ತ ಪುಲಿ. ಅವನು ಎದ್ದು ನಿಂತು, "ಎಲ್ಲರೂ ಒಂದು ಐದು ನಿಮಿಷ ಹೊರಗ ಹೋಗ್ರಿ. ನಾ ತೆಗೀತೀನಿ" ಎಂದ.

ಯಾರೂ ಕದಲಲಿಲ್ಲ. ಕಾಡಸಿದ್ದಪ್ಪನ ದೊಡ್ಡ ತಮ್ಮನನ್ನು ಬಂಗಾರದ ಹತ್ತಿರ ಬಿಟ್ಟು ಹೋಗಲು ಸಣ್ಣ ತಮ್ಮ ತಯಾರಿಲ್ಲ. ಅಳಿಯನನ್ನು ಬಿಟ್ಟು ಹೋಗಲು ಇಬ್ಬರೂ ತಯಾರಿಲ್ಲ. ವಿರೂಪಮ್ಮ ಕಣ್ಣೀರು ಒರೆಸಿಕೊಂಡು, "ನೀ ಒಬ್ಬನ ಇದ್ರ ಹೆಂಗಪ್ಪಾ? ತಪ್ಪು ತಿಳೀಬ್ಯಾಡ" ಎಂದಳು. ಕಡೆಗೆ ಅಯ್ಯನವರೊಬ್ಬರೇ ಮರ್ಯಾದೆಯಿಂದ ಹೊರಗೆ ಹೋದರು. ಬೇರೆ ಯಾರೂ ಬರದ್ದನ್ನು ಕಂಡು ಅವರೂ ವಾಪಸು ಬಂದರು.

ಬೀರುವಿನೊಳಗಿಂದ ಈಗ ಸದ್ದೇ ಇರಲಿಲ್ಲ.

ಆಗ ಸಮಾಧಾನಪ್ಪ ಒಂದು ಮಾತು ಹೇಳಿದ. ಜೋರಾಗಿಯೇನೂ ಅಲ್ಲ. "ಗಾಳೆಪ್ಪಣ್ಣಾ, ತಪ್ಪಾತು" ಅಂದ. ಆಮೇಲೆ, "ಹಿಡೀರಿ, ಬೀರು ಮುಂದಕ್ಕ ಎಳೀರಿ!" ಎಂದು ಕೂಗಿದ.

ಹತ್ತು ಜನ ಬೀರುವನ್ನು ಗೋಡೆಯಿಂದ ಎಳೆದರು. ಒಳಗೆ ಜೀವ ಇತ್ತು, ದೇವರ ದಯೆ. ಬೀರು ಅಲ್ಲಾಡಿದ್ದೇ ತಡ, "ಕಳ್ಳರು! ಕಳ್ಳರು! ಬೀರು ಒಯ್ಯಾಕತ್ತಾರ! ವಿರೂಪೀ!" ಎಂದು ಕಾಡಸಿದ್ದಪ್ಪ ಕೀರಲು ದನಿಯಲ್ಲಿ ಅರಚಿಕೊಂಡ. ಅವನ ಉಪಾಯ ಕೆಲಸ ಮಾಡಿತ್ತು, ಒಪ್ಪಿಕೊಳ್ಳಬೇಕು.

ಸಮಾಧಾನಪ್ಪ ಹಿಂದೆ ಹೋಗಿ, ಜೇಬಿನಿಂದ ಗೇಣುದ್ದದ ಸ್ಕ್ರೂಡ್ರೈವರು ತೆಗೆದು, ಒಂದೊಂದೇ ಸ್ಕ್ರೂ ಬಿಚ್ಚಿದ. ಒಂದು, ಎರಡು, ಮೂರು. ಆರನೆಯದು ಬಿದ್ದಾಗ ತಗಡಿನ ಅಂಚಿಗೆ ಬೆರಳು ಹಾಕಿ ಎಳೆದ. ಅದು ಹಪ್ಪಳದ ಹಾಗೆ ಬಗ್ಗಿ ಬಂತು. ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದ ಕಾಡಸಿದ್ದಪ್ಪ, ಹಿಂದು ಮುಂದಾಗಿ, ಸಮಾಧಾನಪ್ಪನ ತೋಳಿಗೆ ಬಿದ್ದ. ಮುಂದಿನ ಬಾಗಿಲು ಮಾತ್ರ ಹಾಕಿದ ಹಾಗೇ ಇತ್ತು. ಅಷ್ಟು ಗಟ್ಟಿ ಬೀಗವನ್ನು ಸಮಾಧಾನಪ್ಪ ಜೀವಮಾನದಲ್ಲಿ ಮಾಡಿರಲಿಲ್ಲ.

ಕಾಡಸಿದ್ದಪ್ಪ ನೀರು ಕುಡಿದ. ಹೆಂಡತಿಯ ಕೈ ಹಿಡಿದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಎದ್ದು ಹೋಗಿ ಕೆಳಗೆ ಬಿದ್ದಿದ್ದ ತಗಡನ್ನು ಎತ್ತಿ, ಬೆರಳಲ್ಲಿ ಬಾಗಿಸಿ ನೋಡಿದ. "ಇಷ್ಟೇ ಏನು?" ಎಂದ.

"ಇಷ್ಟೇ ರೀ" ಎಂದ ಸಮಾಧಾನಪ್ಪ. ನಾಚಿಕೆಯಿಂದ ಅವನ ತಲೆ ಎದೆಗೆ ತಾಗಿತ್ತು.

ವಾಪಸು ಬರುವಾಗ ವ್ಯಾನಿನಲ್ಲಿ ಅಯ್ಯನವರು ಒಂದು ಮಾತೂ ಆಡಲಿಲ್ಲ. ನಾಲ್ಕು ವಾರ ಮೇಜು ಗುದ್ದಿ ಹೇಳಿದ್ದನ್ನು ಒಬ್ಬ ಮನುಷ್ಯ ಅಕ್ಷರಶಃ ಮಾಡಿ ತೋರಿಸಿದರೆ ಪಾಸ್ಟರಾದವರು ಏನು ತಾನೇ ಹೇಳಲು ಸಾಧ್ಯ? ಚರ್ಚಿಗೆ ಬಂದರೆ ಹಾಡುವ ಗುಂಪಿನಲ್ಲಿ ಮೂವರು ಮಾತ್ರ ಉಳಿದಿದ್ದರು. ಅವರಲ್ಲಿ ಒಬ್ಬರು ಬಾಯಿ ಮಾತ್ರ ಅಲ್ಲಾಡಿಸುತ್ತಿದ್ದರು.

ಸಂಜೆಯೊಳಗೆ ಆ ವಿಡಿಯೊ ಇಡೀ ಜಿಲ್ಲೆಯ ಮೊಬೈಲುಗಳಲ್ಲಿ ಓಡಾಡಿತು. ಸಮಾಧಾನಪ್ಪ ಹೆಂಡತಿಗೆ, "ಮುಗೀತು. ನಾಳಿಂದ ಅಂಗಡಿ ಬಾಗಿಲ ತೆಗಿಯೋದೂ ಬ್ಯಾಡ" ಎಂದು ಹೇಳಿ ಗೋಡೆಗೆ ಮುಖ ಮಾಡಿ ಮಲಗಿದ. ನಿಜವಾಗಿ ಅತ್ತ. ಮೂವತ್ತೆಂಟು ವರ್ಷದ ಕಸುಬು ಸತ್ತರೆ ಯಾರಿಗಾದರೂ ಅಳು ಬರುತ್ತದೆ.

ಸೋಮವಾರ ಬೆಳಿಗ್ಗೆ ಬೋರ್ಡು ಇಳಿಸೋಣವೆಂದು ಹೋದರೆ ಸಂದಿಯ ತುದಿಯವರೆಗೆ ಜನ! ಬೈಯಲು ಬಂದವರು ಎಂದುಕೊಂಡು ಅವನು ಹಗ್ಗದ ಅಂಗಡಿಯಲ್ಲಿ ಅಡಗಿಕೊಂಡ. ಬೈಯಲು ಬಂದವರಲ್ಲ, ಆರ್ಡರು ಕೊಡಲು ಬಂದವರು. ಎಲ್ಲರಿಗೂ ಬೀರುವಿನ ಬೆನ್ನಿಗೆ ದಪ್ಪ ತಗಡು ಬೇಕಾಗಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು. ಒಬ್ಬ ಬೆನ್ನಿಗೂ ಒಂದು ಬಾಗಿಲು, ಒಂದು ಬೀಗ ಹಾಕಿಕೊಡು ಎಂದ. ಇನ್ನೊಬ್ಬ ಎರಡು ಬೀರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಸೆಯಬಹುದೇ ಎಂದು ಕೇಳಿದ. ಸಿರುಗುಪ್ಪದ ಜಂಬಣ್ಣ ತಾನು ಬೀರುವನ್ನೇ ಗೋಡೆಯ ಕಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದೇನೆ, ಈಗ ತನಗೇ ತೆಗೆಯಲು ಬರುತ್ತಿಲ್ಲ ಎಂದು ಫೋನು ಮಾಡಿದ. ಹತ್ತು ವರ್ಷ ಕೂತು ಉಣ್ಣುವಷ್ಟು ಕೆಲಸ ಒಂದೇ ಬೆಳಿಗ್ಗೆ ಬಾಗಿಲಿಗೆ ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಕಾಡಸಿದ್ದಪ್ಪನೇ ಕಾರಿನಲ್ಲಿ ಬಂದ. ಮುಖ ಇನ್ನೂ ಬಾಡಿತ್ತು.

"ಸಮಾಧಾನಪ್ಪಾ, ಜೀವ ಉಳಿಸಿದಿ. ನಿನ್ನ ಋಣ ದೊಡ್ಡದು. ಮೊದ್ಲು ನನ್ನ ಕೆಲಸ ಮಾಡಿಕೊಡು. ಹಿಂದ, ಮಗ್ಗಲು, ತಳ, ಎಲ್ಲಾ ಕಡೆ ಮುಂದಿನ ಬಾಗಿಲದಂಥ ದಪ್ಪ ತಗಡು ಆಗ್ಬೇಕು. ಎಷ್ಟಾದ್ರೂ ಆಗ್ಲಿ."

"ಮತ್ತ ನೀವು ಒಳಗ ಹೋದ್ರ?"

"ಹೋಗಂಗಿಲ್ಲಪ್ಪಾ" ಎಂದ ಕಾಡಸಿದ್ದಪ್ಪ. ಹೇಳುವಾಗ ಅವನ ಕಣ್ಣು ಸಮಾಧಾನಪ್ಪನ ಕಣ್ಣನ್ನು ತಪ್ಪಿಸಿತು.

ಸಮಾಧಾನಪ್ಪ ಬಹಳ ಹೊತ್ತು ಸುಮ್ಮನೆ ಕೂತ. ಸುವಾರ್ತಮ್ಮ ಇದ್ದಿದ್ದರೆ ಆಶ್ಚರ್ಯಪಡುತ್ತಿದ್ದಳು. ಅವನ ಕಿವಿಯಲ್ಲಿ ಇನ್ನೂ ಆ ಬೀರುವಿನೊಳಗಿನ ದನಿ ಇತ್ತು. ಬಂಗಾರ ಎಂದದ್ದು, ನೀರು ಎಂದದ್ದು, ಅವ್ವಾ ಎಂದದ್ದು. ಗಾಳೆಪ್ಪ ಮೋಸಕ್ಕೆಂದೋ ಉಳಿತಾಯಕ್ಕೆಂದೋ ಹಾಕಲು ಕಲಿಸಿದ್ದ ಆ ಹಾಳು ತಗಡು.

"ಆಗಂಗಿಲ್ಲರಿ, ಸಾವ್ಕಾರ್ರ" ಎಂದ.

"ಯಾಕ? ರೊಕ್ಕ ಸಾಲ್ದು ಏನು?"

"ರೊಕ್ಕದ ಮಾತಲ್ಲರಿ. ಬೆನ್ನು ತೆಳ್ಳಗ ಇತ್ತು ಅಂತ ನೀವು ಇವತ್ತು ಇಲ್ಲಿ ನಿಂತೀರಿ. ಅದನ್ನೂ ಗಟ್ಟಿ ಮಾಡಿಕೊಟ್ರ ನಿಮ್ಮನ್ನ ತೆಗೆಯಾಕ ನನಗ ದಾರಿನ ಉಳಿಯಂಗಿಲ್ಲ. ನಾ ಮಾಡಂಗಿಲ್ಲ. ಯಾರಿಗೂ ಮಾಡಂಗಿಲ್ಲ."

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಆದರೆ ಮಾತು ಬಾಯಿಂದ ಹೊರಟಿತ್ತು. ಸಾಲಿನಲ್ಲಿ ನಿಂತಿದ್ದವರು ಗೊಣಗಿದರು, ಇವನಿಗೆ ಹುಚ್ಚು ಹಿಡಿದಿದೆ ಎಂದರು, ಒಬ್ಬೊಬ್ಬರೇ ಕರಗಿದರು. ವಾರ ಕಳೆಯುವುದರೊಳಗೆ ಇನ್ಯಾವನೋ ಎರಡು ಬೀದಿ ಆಚೆ ಬೆನ್ನಿಗೆ ತಗಡು ಹಾಕುವ ಅಂಗಡಿ ತೆರೆದ. ಸಮಾಧಾನಪ್ಪನ ಕಡೆ ಡಾಂಬರು ಗುಳಿಗೆಗೆ ಅಷ್ಟಿಷ್ಟು ಜನ ಬರುತ್ತಾರೆ. ಕಾಣಿಕೆಯ ಚೀಲ ಮೊದಲಿನಂತೆ ಸೊರಗಿದೆ. ಸಭೆಯವರ ನಂಬಿಕೆ ಯಾಕೋ ತಣ್ಣಗಾಗಿದೆ ಎಂದು ಅಯ್ಯನವರು ಒಂದೆರಡು ಸಾರಿ ಪೇಚಾಡಿದರು. ಅವರಿಗೆ ನಿಜ ಹೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಆ ಸೋಮವಾರ ಮನೆಗೆ ಬಂದು ನಡೆದದ್ದನ್ನು ಹೆಂಡತಿಗೆ ಹೇಳಿದಾಗ ಸುವಾರ್ತಮ್ಮ ಎರಡು ಮೊಟ್ಟೆ ಹುರಿದು ಬಡಿಸಿದಳು. ಆ ಮನೆಯಲ್ಲಿ ಅದು ದೊಡ್ಡ ಸನ್ಮಾನ. ಯಾಕೆಂದರೆ ಮೊಟ್ಟೆಗಳೂ ಸಾಮಾನ್ಯವಾಗಿ ಓಣಿಯ ಪಾಲು.

"ಇಲ್ಲೂ ಕೆಲಸ ಹೋತು" ಎಂದ ಅವನು. "ಅಲ್ಲೂ ಕೆಲಸ ಇಲ್ಲ."

ಅವಳು ಅವನ ತಟ್ಟೆಯ ಮುಂದೆ ಕೂತಳು. ಈ ಸಾರಿ ನಗಲಿಲ್ಲ.

"ಯಾಕ ಇಲ್ಲ ಅಂತೀರಿ? ಕಾಡಸಿದ್ದಪ್ಪನಂಥೋರು ಎಷ್ಟು ಮಂದಿ 'ನಾ ಬಿಟ್ಟು ಬರಂಗಿಲ್ಲ' ಅಂತ ಬೀರು ಸಮೇತ ಮ್ಯಾಲ ಬಂದಿರ್ತಾರೋ ಏನೋ. ಪರಲೋಕದ ಆ ಸಣ್ಣ ಬಾಗಿಲದಾಗ ಬೀರು ಹಿಡಿಸಂಗಿಲ್ಲ, ಒಳಗಿದ್ದೋರಿಗೆ ಹೊರಗ ಬರಾಕ ಬರಂಗಿಲ್ಲ. ಸಾಲು ಹಚ್ಚಿ ನಿಂತಿರ್ತಾರ. ದೇವದೂತರಿಗೆ ಹಾಡಾಕ ಬರತೈತಿ, ಸ್ಕ್ರೂ ಬಿಚ್ಚಾಕ ಎಲ್ಲಿ ಬರಬೇಕು?"

ಸಮಾಧಾನಪ್ಪ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಆಮೇಲೆ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹಸಿರು ಬೀರುವಿನ ಮುಂದೆ ನಿಂತು, ಬೀಗವನ್ನು ಕೈಯಲ್ಲಿ ಹಿಡಿದು, ಹಾಕದೆ ಹಾಗೇ ಕಿಟಕಿಯಲ್ಲಿಟ್ಟು ಹೋದ. ಮುಂದಿನ ಬಾಗಿಲೂ ತೆರೆದಿದ್ದು ಕಂಡು ಕೋಳಿಗಳಿಗೆ ಎರಡು ದಿನ ಗಲಿಬಿಲಿಯಾಯಿತು. ಗೇಣುದ್ದದ ಆ ಸ್ಕ್ರೂಡ್ರೈವರನ್ನು ಮಾತ್ರ ಅವನು ಉಪ್ಪುಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಭಾನುವಾರದ ಬಿಳಿ ಅಂಗಿಯ ಜೇಬಿನಲ್ಲಿ ಇಟ್ಟಿದ್ದಾನೆ. ತನ್ನನ್ನು ಪೆಟ್ಟಿಗೆಯಲ್ಲಿ ಮಲಗಿಸುವ ದಿನ ಅದೇ ಅಂಗಿ ತೊಡಿಸಬೇಕು, ಜೇಬನ್ನು ಯಾರೂ ಮುಟ್ಟಬಾರದು ಎಂದು ಹೆಂಡತಿಗೆ ಹೇಳಿದ್ದಾನೆ. ಪೆಟ್ಟಿಗೆ ಮಾಡುವ ಬಡಗಿಗೂ ಹೋಗಿ ಹೇಳಿ ಬಂದಿದ್ದಾನೆ, ಆರು ಸ್ಕ್ರೂಗಿಂತ ಹೆಚ್ಚು ಹಾಕಬಾರದು ಎಂದು.